ಪಕ್ಕದ ಹಾಸಿಗೆಯ ಮಾತು



ಆಸ್ಪತ್ರೆಯ ವಾರ್ಡಿನಲ್ಲಿ ಒಂದು ರಾತ್ರಿಯನ್ನಾದರೂ ಕಳೆದವರಿಗೆ ಈ ಅನುಭವ ಹೊಸದಲ್ಲ. ನಿಮ್ಮ ಹಾಸಿಗೆಗೂ ಪಕ್ಕದ ಹಾಸಿಗೆಗೂ ನಡುವೆ ಒಂದು ಹಸಿರು ಪರದೆ. ವೈದ್ಯರು ಬಂದು ಅದನ್ನು ಸರ್ರನೆ ಎಳೆಯುತ್ತಾರೆ. ಇನ್ನು ಒಳಗೆ ನಡೆಯುವುದೆಲ್ಲ ಗುಟ್ಟು ಎಂದು ಎಲ್ಲರೂ ಭಾವಿಸಿಕೊಳ್ಳುತ್ತಾರೆ. ಆದರೆ ಪರದೆ ಅಡ್ಡವಾಗುವುದು ಕಣ್ಣಿಗೆ, ಕಿವಿಗೆ ಅಲ್ಲ. ಎರಡೇ ನಿಮಿಷದಲ್ಲಿ ಆ ಮನುಷ್ಯನಿಗೆ ಮೂತ್ರ ಕಟ್ಟಿ ಎಷ್ಟು ದಿನವಾಯಿತು, ಕುಡಿತದ ಅಭ್ಯಾಸ ಉಂಟೋ ಇಲ್ಲವೋ, ಮನೆಯಲ್ಲಿ ನೋಡಿಕೊಳ್ಳುವವರು ಯಾರು, ಬಿಲ್ಲಿಗೆ ಹಣ ಹೊಂದಿಸಿದ್ದಾರೋ ಇಲ್ಲವೋ ಎಲ್ಲವೂ ನಿಮಗೆ ತಿಳಿದುಹೋಗಿರುತ್ತದೆ. ನೀವೇನೂ ಕದ್ದು ಕೇಳಲಿಲ್ಲ. ಬೇಡವೆನಿಸಿದರೆ ಕಣ್ಣು ಮುಚ್ಚಬಹುದು, ಕಿವಿಯನ್ನು ಮುಚ್ಚುವುದು ಹೇಗೆ?

ಹೀಗೆ ಬೇಡದೆಯೇ ಬಂದು ಸೇರಿದ ಮಾತನ್ನು ನಾವು ಏನು ಮಾಡುತ್ತೇವೆ? ಈ ವಾರ ಮನೆಮಂದಿಯೆಲ್ಲ ಕೂತು ಯೋಚಿಸಬೇಕೆಂದು ನಾನು ಕೇಳಿಕೊಳ್ಳುವುದು ಇದನ್ನೇ. ವಿಷಯ ಸಣ್ಣದು ಎನಿಸಬಹುದು. ನನ್ನ ಬಾಯಿಂದಲೇ ಒಂದು ಮನೆಯ ನೆಮ್ಮದಿ ಕೆಡುವ ತನಕ ನನಗೂ ಹಾಗೆಯೇ ಅನಿಸುತ್ತಿತ್ತು. ಅದನ್ನು ಮುಂದೆ ಹೇಳುತ್ತೇನೆ.

ನಾಲ್ಕು ಗಂಟೆಯ ನೆರೆಹೊರೆ

ನಾನು ಡಯಾಲಿಸಿಸ್ ಮಾಡಿಸಿಕೊಳ್ಳುವ ರೋಗಿ. ಕೆಲಸ ನಿಲ್ಲಿಸಿದ ಮೂತ್ರಪಿಂಡಗಳ ಬದಲಿಗೆ ಯಂತ್ರವೊಂದು ರಕ್ತವನ್ನು ಶುದ್ಧಗೊಳಿಸುತ್ತದೆ ಎಂಬುದಷ್ಟೇ ಹಲವರಿಗೆ ಗೊತ್ತು. ತೋಳಿಗೆ ಎರಡು ಸೂಜಿ. ಒಂದರಿಂದ ಹೊರಟ ರಕ್ತ ಶೋಧಕದ ಮೂಲಕ ಹಾದು ಇನ್ನೊಂದರಿಂದ ಒಳಕ್ಕೆ ಬರುತ್ತದೆ. ಒಂದು ಸರದಿಗೆ ಸುಮಾರು 4 ಗಂಟೆ. ಅಷ್ಟು ಹೊತ್ತಿನಲ್ಲಿ ಶೋಧಕದ ಮತ್ತೊಂದು ಬದಿಯಲ್ಲಿ ಹರಿದುಹೋಗುವ ದ್ರಾವಣವೇ ಸುಮಾರು 120 ಲೀಟರ್. ಸಾಮಾನ್ಯವಾಗಿ ವಾರಕ್ಕೆ 3 ಸಲ ಆಗಬೇಕೆನ್ನುತ್ತಾರೆ. ಹಣದ ತೊಂದರೆಯಿಂದಲೋ ದಾರಿ ದೂರವೆಂದೋ 2 ಸಲಕ್ಕೇ ನಿಲ್ಲಿಸುವವರು ನಮ್ಮಲ್ಲಿ ಬಹಳ. ನಾನೂ ಅವರಲ್ಲೊಬ್ಬ. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತವಾಗಿ ಡಯಾಲಿಸಿಸ್ ಒದಗಿಸುವ ಕೇಂದ್ರ ಸರಕಾರದ ಕಾರ್ಯಕ್ರಮ 2016ರಲ್ಲಿ ಆರಂಭವಾಯಿತು. ಮೊದಲು ಮನೆಯಲ್ಲೇ ಕೈಚೆಲ್ಲಿ ಮಲಗುತ್ತಿದ್ದ ಎಷ್ಟೋ ಮಂದಿ ಇಂದು ಈ ಕುರ್ಚಿಗಳವರೆಗೆ ಬರುತ್ತಾರೆ.

ಬೇರೆ ವಾರ್ಡುಗಳಲ್ಲಿ ರೋಗಿ ಬರುತ್ತಾನೆ, ವಾರದಲ್ಲಿ ಹೋಗುತ್ತಾನೆ, ಪಕ್ಕದವನ ಮುಖ ಮರೆತುಹೋಗುತ್ತದೆ. ಇಲ್ಲಿ ಹಾಗಲ್ಲ. ಅದೇ ದಿನ, ಅದೇ ಸರದಿ, ಅದೇ ಮುಖಗಳು, ವರುಷಗಟ್ಟಲೆ. ಕೈ ಅಲುಗಾಡಿಸುವಂತಿಲ್ಲ, ಎದ್ದು ಹೊರಗೆ ಹೋಗುವಂತಿಲ್ಲ. ಪಕ್ಕದವರ ಮಾತು ಬೇಡವೆಂದರೂ ಅಲ್ಲೇ ಕೂತಿರಬೇಕು.

ಬಂದೊಡನೆ ಮೊದಲು ತೂಕ. ಎರಡು ಸರದಿಗಳ ನಡುವೆ ಮೈಯಲ್ಲಿ ಎಷ್ಟು ನೀರು ನಿಂತಿದೆ ಎಂಬುದು ಅದರಿಂದ ತಿಳಿಯುತ್ತದೆ. ಸಿಸ್ಟರ್ ದೂರದಿಂದಲೇ ಕೂಗಿ ಹೇಳುತ್ತಾರೆ, "ಮೂರೂವರೆ ಕೆ.ಜಿ. ಜಾಸ್ತಿ! ಎಷ್ಟು ನೀರು ಕುಡಿದಿರಿ?" ಹಾಲಿನಲ್ಲಿರುವ ಎಲ್ಲರೂ ತಿರುಗಿ ನೋಡುತ್ತಾರೆ. ಬೇಸಿಗೆಯ ಬಿಸಿಲಲ್ಲಿ ಬಾಯಾರಿ ಎರಡು ಲೋಟ ನೀರು ಹೆಚ್ಚು ಕುಡಿದ ಒಬ್ಬ ಅಜ್ಜ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನಂತೆ ತಲೆ ತಗ್ಗಿಸುವುದನ್ನು ನಾನು ಕಂಡಿದ್ದೇನೆ. ಸಿಸ್ಟರ್ ಕೆಟ್ಟವರಲ್ಲ. ಏಳೆಂಟು ಯಂತ್ರಗಳ ನಡುವೆ ಓಡಾಡುವ ಆ ಹುಡುಗಿಗೆ ಪ್ರತಿಯೊಬ್ಬರ ಬಳಿ ಬಂದು ಪಿಸುಗುಟ್ಟಲು ಪುರುಸೊತ್ತೆಲ್ಲಿ?

ಇನ್ನೊಂದು ಮಾತನ್ನು ಹೇಳಲೋ ಬೇಡವೋ ಎಂದು ಯೋಚಿಸಿದೆ. ಹೇಳಿಯೇ ಬಿಡುತ್ತೇನೆ. ರಕ್ತದ ಮೂಲಕ ಹರಡುವ ಸೋಂಕು ಇರುವವರಿಗೆ ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಯಂತ್ರ ಇರುತ್ತದೆ. ಹೆಪಟೈಟಿಸ್ ಬಿ ಇರಲಿ, ಹೆಪಟೈಟಿಸ್ ಸಿ ಇರಲಿ, ಎಚ್‌ಐವಿ ಇರಲಿ, ಇತರರ ರಕ್ಷಣೆಗಾಗಿ ಮಾಡಿದ ಏರ್ಪಾಡು ಅದು, ತಪ್ಪಲ್ಲ. ಆದರೆ ಮೂಲೆಯ ಆ ಯಂತ್ರದ ಬಳಿ ಒಬ್ಬರನ್ನು ಕೂರಿಸಿದ ಕ್ಷಣವೇ ಯಾರೂ ಬಾಯಿಬಿಡದೆ ಹಾಲಿಗೆಲ್ಲ ಸುದ್ದಿ ತಲುಪಿರುತ್ತದೆ. ಯಾವ ಸೋಂಕೆಂದು ಯಾರಿಗೂ ತಿಳಿಯದು. ತಿಳಿಯದ ಕಡೆ ಜನ ತಮಗೆ ತೋಚಿದ್ದನ್ನು ತುಂಬಿಸುತ್ತಾರೆ, ಯಾವಾಗಲೂ ಅತಿ ಕೆಟ್ಟದ್ದನ್ನೇ. ರಕ್ತದ ಬಾಟಲಿಯಿಂದಲೋ ಹಳೆಯ ಸೂಜಿಯಿಂದಲೋ ಕಾಯಿಲೆ ಅಂಟಿಸಿಕೊಂಡ ಒಬ್ಬ ಗೃಹಿಣಿಯ ಶೀಲದ ಬಗ್ಗೆಯೇ ಹೊರಗಿನ ಬೆಂಚಿನ ಮೇಲೆ ತೀರ್ಪಾಗುತ್ತದೆ.

ಕೇಳಿಸಿಕೊಂಡವನಿಗೂ ಪೆಟ್ಟು

ಇತರರ ಮಾತು ನಮ್ಮ ಕಿವಿಗೆ ಬಿದ್ದರೆ ನಷ್ಟ ಅವರಿಗೆ ಮಾತ್ರ ಎಂದುಕೊಳ್ಳಬೇಡಿ. ಕೇಳಿಸಿಕೊಂಡವನಿಗೂ ಅದು ತಗಲುತ್ತದೆ. ಪಕ್ಕದವರಿಗೆ ಸೂಜಿ ಚುಚ್ಚಿದಾಗ ಬಂದ ನರಳಾಟ, ಎದುರಿನವರಿಗೆ ವೈದ್ಯರು ಹೇಳಿದ ಅರ್ಧ ವಾಕ್ಯ, ರಾತ್ರಿ ಮನೆಗೆ ಬಂದ ಮೇಲೂ ನಿದ್ದೆ ಕೆಡಿಸುತ್ತವೆ. ಅವರಿಗೆ ಆದದ್ದು ನನಗೂ ಆಗುತ್ತದೆ ಎಂಬ ಲೆಕ್ಕ ಮನಸ್ಸಿನಲ್ಲಿ ತಾನಾಗಿ ನಡೆಯುತ್ತದೆ. ಆದರೆ ಒಬ್ಬರ ಕಾಯಿಲೆ ಇನ್ನೊಬ್ಬರದ್ದಲ್ಲ. ವಯಸ್ಸು ಬೇರೆ, ಹೃದಯದ ಬಲ ಬೇರೆ, ಸಕ್ಕರೆ ಕಾಯಿಲೆ ಉಂಟೋ ಇಲ್ಲವೋ ಅದೂ ಬೇರೆ.

ಅದಕ್ಕಿಂತ ಅಪಾಯದ್ದು ಕಿವಿಗೆ ಬಿದ್ದ ಪಥ್ಯ. "ನಾನಂತೂ ದಿನಾ ಎಳನೀರು ಕುಡಿಯುತ್ತೇನಪ್ಪ, ಏನೂ ಆಗಿಲ್ಲ" ಎಂದು ಒಬ್ಬರು ಹೆಮ್ಮೆಯಿಂದ ಹೇಳುತ್ತಾರೆ. ಪಕ್ಕದ ಕುರ್ಚಿಯವರು ಅದನ್ನು ನಂಬಿ ಮನೆಗೆ ಹೋಗಿ ಎರಡು ಎಳನೀರು ಕೊಚ್ಚಿಸುತ್ತಾರೆ. ಎಳನೀರಿನಲ್ಲಿ, ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಆರೋಗ್ಯವಂತರ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ; ನಮ್ಮದು ಹಾಕುವುದಿಲ್ಲ. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ನಿಲ್ಲಬಹುದು. ಮಲೆನಾಡಿನ ಹಿತ್ತಲುಗಳಲ್ಲಿ ಬಿಡುವ ಧಾರೆಹುಳಿ, ಕೊಯ್ದರೆ ನಕ್ಷತ್ರದಂತೆ ಕಾಣುವ ಆ ಹಣ್ಣು, ಮೂತ್ರಪಿಂಡ ಸೋತವರಿಗೆ ನಂಜು. ಮಿದುಳಿಗೇ ಪೆಟ್ಟು ಕೊಡುತ್ತದೆ. ಆದ್ದರಿಂದ ಪಕ್ಕದ ಕುರ್ಚಿಯಿಂದ ಬಂದ ಸಲಹೆಯನ್ನು ನಿಮ್ಮ ವೈದ್ಯರಿಗೆ ಒಮ್ಮೆ ಕೇಳದೆ ಅಡಿಗೆಮನೆಗೆ ಒಯ್ಯಬೇಡಿ.

ಅರ್ಧ ಕೇಳಿದ್ದು ಪೂರ್ತಿ ಸುಳ್ಳಾಗುವುದೂ ಉಂಟು. "ರಿಪೋರ್ಟು ನೆಗೆಟಿವ್ ಬಂದಿದೆ" ಎಂದು ವೈದ್ಯರು ಪಕ್ಕದ ಹುಡುಗನಿಗೆ ಹೇಳಿದ್ದನ್ನು ಕೇಳಿ ಅವನಿಗಾಗಿ ಕಣ್ಣೀರು ಹಾಕಿದ ಅಜ್ಜಿಯೊಬ್ಬರು ನಮ್ಮ ಹಾಲಿನಲ್ಲಿದ್ದರು. ನೆಗೆಟಿವ್ ಎಂದರೆ ಕಾಯಿಲೆ ಇಲ್ಲವೆಂದು ಆ ಹುಡುಗನೇ ನಗುತ್ತಾ ಬಿಡಿಸಿ ಹೇಳಬೇಕಾಯಿತು. ಅಜ್ಜಿ ಅತ್ತದ್ದರಿಂದ ಯಾರಿಗೂ ಕೆಡುಕಾಗಲಿಲ್ಲ. ಆ ಸುದ್ದಿಯನ್ನು ಊರಿಗೆ ಒಯ್ದಿದ್ದರೆ?

ಒಳ್ಳೆಯದೂ ಕಿವಿಗೆ ಬೀಳುತ್ತದೆ ಎಂಬುದನ್ನು ಮರೆಯಬಾರದು. ಸೂಜಿ ಹಾಕಲು ತೋಳಿನಲ್ಲಿ ರಕ್ತನಾಳ ಜೋಡಿಸಿರುತ್ತಾರಲ್ಲ, ಫಿಸ್ಟುಲಾ, ಅದನ್ನು ದಿನವೂ ಬೆಳಿಗ್ಗೆ ಬೆರಳಿಟ್ಟು ಮುಟ್ಟಿ ನೋಡಬೇಕು, ಒಳಗೆ ಜುಂ ಎನ್ನುವ ಮಿಡಿತ ಇದ್ದರೆ ಸರಿ, ನಿಂತಿದ್ದರೆ ಕೂಡಲೇ ಓಡಿಬರಬೇಕು, ಆ ಕೈಯಲ್ಲಿ ಬಿ.ಪಿ. ನೋಡಲು ಬಿಡಬಾರದು, ಆ ಕೈಯನ್ನು ಅಡಿಗೆ ಹಾಕಿ ಮಲಗಬಾರದು. ಇದನ್ನೆಲ್ಲ ಸಿಸ್ಟರ್ ಹೇಳಿದ್ದು ನನಗಲ್ಲ, ಪಕ್ಕದವರಿಗೆ. ಕಲಿತವನು ನಾನು. ಇಂಥ ಮಾತನ್ನು ಮನೆಗೆ ಒಯ್ಯುವುದರಲ್ಲಿ ಪಾಪವಿಲ್ಲ, ಯಾಕೆಂದರೆ ಅದರಲ್ಲಿ ಯಾರ ಹೆಸರೂ ಅಂಟಿಕೊಂಡಿಲ್ಲ.

ಆಧುನಿಕ ಶುಶ್ರೂಷೆಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ಶುಶ್ರೂಷೆಯ ಟಿಪ್ಪಣಿಗಳಲ್ಲಿ ಈ ವಿಷಯವನ್ನು ಆಗಲೇ ಎತ್ತಿದ್ದರು. ರೋಗಿಯ ಕೋಣೆಯಲ್ಲೋ ಬಾಗಿಲ ಹೊರಗೋ ನಿಂತು ಪಿಸುಮಾತಾಡುವುದು ಕ್ರೌರ್ಯ ಎಂಬುದು ಅವರ ಅಭಿಪ್ರಾಯ. ರೋಗಿ ಅದನ್ನು ಕೇಳಲು ಮೈಯೆಲ್ಲ ಕಿವಿಯಾಗುತ್ತಾನೆ, ಕೇಳಿಸದಿದ್ದರೆ ತನ್ನ ಬಗ್ಗೆಯೇ ಎಂದು ಭಾವಿಸಿ ಬಳಲುತ್ತಾನೆ. ರೋಗಿಗೆ ಪ್ರಜ್ಞೆಯಿಲ್ಲ ಎಂದುಕೊಂಡು ತಲೆದೆಸೆಯಲ್ಲೇ ಆಸ್ತಿ ಪಾಲಿನ ಮಾತಾಡುವ ಬಂಧುಗಳೂ ಇದ್ದಾರೆ. ಸಾವಿನಂಚಿನಲ್ಲಿದ್ದು ಯಾವುದಕ್ಕೂ ಪ್ರತಿಕ್ರಿಯಿಸದ ಕೆಲವು ರೋಗಿಗಳ ಮಿದುಳು ಆಗಲೂ ಶಬ್ದವನ್ನು ಗುರುತಿಸುತ್ತಿತ್ತೆಂದು ಕೆನಡಾದ ಸಂಶೋಧಕರು 2020ರಲ್ಲಿ ತೋರಿಸಿದ್ದಾರೆ. ಇದನ್ನು ನಮ್ಮ ಹಿರಿಯರು ಯಾವ ಯಂತ್ರವೂ ಇಲ್ಲದೆ ಅರಿತಿದ್ದರೆಂದು ತೋರುತ್ತದೆ. ಕೊನೆಗಳಿಗೆಯಲ್ಲಿ ಕಿವಿಯ ಹತ್ತಿರ ಜಪ ಹೇಳುವ ರೂಢಿ ಸುಮ್ಮನೆ ಬಂದದ್ದಲ್ಲ.

ನಾನು ಮಾಡಿದ ತಪ್ಪು

ಈಗ ನನ್ನ ಕಥೆ. ನಮ್ಮ ಸರದಿಯಲ್ಲಿ ಎದುರಿನ ಕುರ್ಚಿಗೆ ಬರುತ್ತಿದ್ದವರು ಒಬ್ಬ ಬಸ್ ಕಂಡಕ್ಟರ್. ನಮ್ಮ ಧರ್ಮಕೇಂದ್ರದವರೇ, ಐವತ್ತರ ಆಸುಪಾಸಿನವರು. ಅವರ ಹೆಂಡತಿ ತನ್ನ ಒಂದು ಮೂತ್ರಪಿಂಡವನ್ನು ಕೊಡಲು ಒಪ್ಪಿದ್ದರು. ಪರೀಕ್ಷೆಗಳೆಲ್ಲ ನಡೆಯುತ್ತಿದ್ದವು. "ಮೇಷ್ಟ್ರೇ, ಇನ್ನು ಆರು ತಿಂಗಳು, ಆಮೇಲೆ ನಿಮ್ಮನ್ನು ನೋಡಲು ಹಣ್ಣು ಹಿಡಿದುಕೊಂಡು ಬರುತ್ತೇನೆ" ಎಂದು ತಮಾಷೆ ಮಾಡುತ್ತಿದ್ದರು.

ಒಂದು ದಿನ ವೈದ್ಯರು ಆ ತಾಯಿಯನ್ನು ಪಕ್ಕಕ್ಕೆ ಕರೆದರು. ಪಕ್ಕಕ್ಕೆ ಎಂದರೆ ಎಲ್ಲಿಗೆ? ನನ್ನ ಕುರ್ಚಿಯ ಹಿಂದಿನ ಪರದೆಯ ಆಚೆಗೆ. ಗಂಡನ ಹೃದಯ ತೀರಾ ದುರ್ಬಲವಾಗಿದೆ, ಶಸ್ತ್ರಚಿಕಿತ್ಸೆ ತಡೆದುಕೊಳ್ಳಲಾರದು, ಕಸಿ ಮಾಡುವ ಮಾತು ಇನ್ನು ಬಿಡಬೇಕು ಎಂದರು. ಆಕೆ ಒಂದೇ ಮಾತು ಕೇಳಿದರು: "ಮಗಳಿಗೆ ಪರೀಕ್ಷೆ ಇದೆ, ಆಮೇಲೆ ಹೇಳಬಹುದಾ ಸಾರ್?" ಮಗಳು ದ್ವಿತೀಯ ಪಿಯುಸಿಯಲ್ಲಿದ್ದಳು.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಏನಾಯಿತೆಂದು ಹೆಂಡತಿ ಕೇಳಿದಳು. ಹೇಳಿದೆ. ಯಾರಿಗೂ ಹೇಳಬೇಡವೆಂದೂ ಹೇಳಿದೆ; ಈ ಮಾತನ್ನು ಸೇರಿಸಿದರೆ ನಮ್ಮ ಹೊಣೆ ಮುಗಿಯಿತೆಂದು ನಾವೆಲ್ಲ ನಂಬಿದ್ದೇವೆ. ಅವಳು ಒಬ್ಬರಿಗೆ ಮಾತ್ರ ಹೇಳಿದಳು, ಅದೂ ಪ್ರಾರ್ಥಿಸಿಕೊಳ್ಳಲಿ ಎಂದು. ಅವರು ನಮ್ಮ ಕಿರು ಕ್ರೈಸ್ತ ಸಮುದಾಯದ ಕೂಟದಲ್ಲಿ ಹೆಸರು ಹಿಡಿದು ಪ್ರಾರ್ಥನಾ ಬಿನ್ನಹ ಮಾಡಿದರು. ಕೂಟದಲ್ಲಿದ್ದ ಒಬ್ಬರು ಅದನ್ನು ವಾಟ್ಸಾಪ್ ಗುಂಪಿಗೆ ಹಾಕಿದರು, ಕೈಮುಗಿದ ಚಿತ್ರದೊಂದಿಗೆ. ಭಾನುವಾರ ಬಲಿಪೂಜೆ ಮುಗಿದು ಮೆಟ್ಟಿಲಿಳಿಯುವಾಗ ಒಬ್ಬ ಹಿರಿಯಮ್ಮ ಆ ಹುಡುಗಿಯ ಕೆನ್ನೆ ಸವರಿ, "ಅಪ್ಪನಿಗೆ ಕಿಡ್ನಿ ಹಾಕಲು ಆಗುವುದಿಲ್ಲವಂತಲ್ಲ ಮಗಾ, ಧೈರ್ಯ ತಂದುಕೋ" ಎಂದರು. ಪರೀಕ್ಷೆಗೆ ಇನ್ನು ಒಂಬತ್ತು ದಿನ ಇತ್ತು.

ನೋಡಿ, ಈ ಸರಪಳಿಯಲ್ಲಿ ಕೆಟ್ಟ ಮನಸ್ಸಿನವರು ಒಬ್ಬರೂ ಇಲ್ಲ. ಎಲ್ಲರೂ ಮರುಗಿದವರೇ, ಎಲ್ಲರೂ ಪ್ರಾರ್ಥಿಸಿದವರೇ. ಆದುದರಿಂದಲೇ ನಾನು ಇದನ್ನು ಬರೆಯುತ್ತಿದ್ದೇನೆ. ಚಾಡಿಕೋರರ ಬಗ್ಗೆ ಬರೆದರೆ ನಾವು ಯಾರೂ ಅದು ನಮಗೆಂದು ಓದುವುದಿಲ್ಲ.

ಕ್ಷಮೆ ಕೇಳಲು ಅವರ ಮನೆಗೆ ಹೋದೆ. ಕಂಡಕ್ಟರ್ ಜಗಲಿಯಲ್ಲಿ ಕೂತಿದ್ದರು. ಬೈಯಲಿಲ್ಲ. "ಮೇಷ್ಟ್ರೇ, ನೀವು ಕೆಟ್ಟದ್ದಾಗಲಿ ಅಂತ ಹೇಳಿದ್ದಲ್ಲ, ನನಗೆ ಗೊತ್ತು. ಆದರೆ ಪರೀಕ್ಷೆ ಮುಗಿದ ದಿನ ಅವಳನ್ನು ಕೆರೆ ಏರಿಯ ಮೇಲೆ ಕರೆದುಕೊಂಡು ಹೋಗಿ ನಾನೇ ಹೇಳಬೇಕು ಅಂತ ಇದ್ದೆ. ಹೇಗೆ ಶುರು ಮಾಡುವುದು ಅಂತ ರಾತ್ರಿಯೆಲ್ಲಾ ಯೋಚನೆ ಮಾಡಿ ಇಟ್ಟುಕೊಂಡಿದ್ದೆ. ಅದು ಹೋಯಿತು" ಎಂದರು. ಕೆಲವು ವಾರಗಳ ಬಳಿಕ ಅವರು ಬೇರೆ ಸರದಿಗೆ ಬದಲಾಯಿಸಿಕೊಂಡರು.

ಸುದ್ದಿ ಹೇಗೂ ಒಂದು ದಿನ ಎಲ್ಲರಿಗೂ ತಿಳಿಯುತ್ತಿತ್ತು. ನಾನು ಕಸಿದುಕೊಂಡದ್ದು ಸುದ್ದಿಯನ್ನಲ್ಲ. ಒಬ್ಬ ತಂದೆ ತನ್ನ ಮಗಳಿಗೆ, ತಾನು ಆರಿಸಿದ ಗಳಿಗೆಯಲ್ಲಿ, ತನ್ನ ಬಾಯಿಂದ ಹೇಳುವ ಹಕ್ಕನ್ನು ಕಸಿದುಕೊಂಡೆ.

ಧರ್ಮಸಭೆಯ ಕಟ್ಟುಪಾಡು

ಪಾಪನಿವೇದನೆಯ ಗುಟ್ಟನ್ನು ಗುರುಗಳು ಪ್ರಾಣ ಹೋದರೂ ಬಿಡುವಂತಿಲ್ಲ ಎಂಬುದು ನಮ್ಮ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಧರ್ಮಸಭೆಯ ಕಾನೂನು ಗುರುಗಳನ್ನು ಮಾತ್ರ ಕಟ್ಟಿಹಾಕುವುದಿಲ್ಲ ಎಂಬುದು ಎಷ್ಟು ಮಂದಿಗೆ ತಿಳಿದಿದೆ? 1983ರ ಕಾನೂನು ಸಂಹಿತೆಯ 983ನೇ ವಿಧಿಯ ಎರಡನೆಯ ಭಾಗವನ್ನು ನೋಡಿ. ಭಾಷೆ ಬಾರದವರಿಗಾಗಿ ನಡುವೆ ದುಭಾಷಿ ಇದ್ದರೆ ಅವರೂ ಗುಟ್ಟು ಕಾಯಬೇಕು. ಮತ್ತೊಬ್ಬರ ಪಾಪನಿವೇದನೆಯ ಮಾತು ಯಾವುದೇ ರೀತಿಯಲ್ಲಿ ಯಾರಿಗೇ ತಿಳಿದುಬಂದಿರಲಿ, ಅವರೂ ಕಾಯಬೇಕು. ಸಾಲಿನಲ್ಲಿ ನಿಂತಿದ್ದಾಗ ಮುಂದಿನವರ ಮಾತು ಅಕಸ್ಮಾತ್ತಾಗಿ ಕಿವಿಗೆ ಬಿದ್ದವರೂ ಇದರಲ್ಲಿ ಸೇರಿದರು. ಕೇಳಿಸಿಕೊಂಡದ್ದು ತಪ್ಪಲ್ಲದಿರಬಹುದು, ಕೇಳಿಸಿಕೊಂಡ ಮೇಲೆ ಹೊಣೆ ಬಂತು.

ಆಸ್ಪತ್ರೆಯ ಪರದೆಯ ಆಚೆಗಿನ ಮಾತಿಗೆ ಈ ವಿಧಿ ನೇರವಾಗಿ ಅನ್ವಯಿಸುವುದಿಲ್ಲ, ನಿಜ. ಆದರೂ ಅದರ ಹಿಂದಿರುವ ವಿವೇಕ ಅಲ್ಲಿಗೂ ಸಲ್ಲುತ್ತದೆ ಎಂದು ನನ್ನ ಅನಿಸಿಕೆ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವು 2477ನೇ ಪರಿಚ್ಛೇದದಲ್ಲಿ, ಮತ್ತೊಬ್ಬರ ಕುಂದುಗಳನ್ನು ತಕ್ಕ ಕಾರಣವಿಲ್ಲದೆ ತಿಳಿಯದವರಿಗೆ ತಿಳಿಸುವುದನ್ನು, ಅದು ನಿಜವೇ ಆಗಿದ್ದರೂ, ತಪ್ಪೆಂದೇ ಎಣಿಸುತ್ತದೆ. ಕಾಯಿಲೆ ಕುಂದಲ್ಲ ಎಂದು ನೀವು ಹೇಳಬಹುದು. ಸರಿ. ಆದರೆ ಕ್ಷಯ, ಬುದ್ಧಿಭ್ರಮಣೆ, ಮೂರ್ಛೆರೋಗ, ಬಂಜೆತನ, ಇವುಗಳ ಹೆಸರೆತ್ತಿದರೆ ಸಾಕು, ನಮ್ಮ ಊರುಗಳಲ್ಲಿ ಮನೆಯ ಹೆಣ್ಣುಮಕ್ಕಳ ಮದುವೆಯೇ ನಿಲ್ಲುತ್ತದೆ. ಅಂಥ ಸಮಾಜದಲ್ಲಿ ಕಾಯಿಲೆಯ ಸುದ್ದಿ ನಿಂದೆಯ ಕೆಲಸವನ್ನೇ ಮಾಡುತ್ತದೆ.

ಸಿರಾಖನ ಗ್ರಂಥದ 19ನೇ ಅಧ್ಯಾಯವನ್ನು ಮನೆಯಲ್ಲಿ ತೆಗೆದು ಓದಿ. ಕಿವಿಗೆ ಬಿದ್ದ ಮಾತನ್ನು ಒಳಗಿಟ್ಟುಕೊಳ್ಳಲಾರದವನ ಚಡಪಡಿಕೆಯನ್ನು ಅಲ್ಲಿ ಹೆರಿಗೆ ನೋವಿಗೂ ತೊಡೆಗೆ ನಾಟಿದ ಬಾಣಕ್ಕೂ ಹೋಲಿಸಿದ್ದಾರೆ. ಆ ಚಡಪಡಿಕೆ ನನಗೆ ಗೊತ್ತು. ಆ ರಾತ್ರಿ ಊಟ ಸೇರದಿದ್ದುದು ಬರಿಯ ಮರುಕದಿಂದ ಮಾತ್ರವಲ್ಲ ಎಂದು ಈಗ ಅನಿಸುತ್ತದೆ.

ಆದ್ದರಿಂದ ಪ್ರಾರ್ಥನೆ ನಿಲ್ಲಿಸಬೇಕೇ? ಬೇಡ. "ನಮ್ಮ ಸಮುದಾಯದ ಒಂದು ಕುಟುಂಬಕ್ಕಾಗಿ ಪ್ರಾರ್ಥಿಸೋಣ" ಎಂದರೆ ಸಾಕು, ವಿಳಾಸ ಬೇಕಾಗಿಲ್ಲ. ಹೆಸರು ಹೇಳಲೇಬೇಕೆಂದಿದ್ದರೆ ಮೊದಲು ಆ ಮನೆಯವರನ್ನು ಕೇಳಿ. ಕೇಳಲು ಮುಜುಗರವಾಗುತ್ತದೆಯೇ? ಹಾಗಾದರೆ ಆ ಹೆಸರನ್ನು ಹೇಳಲು ನಮಗೆ ಅಪ್ಪಣೆ ಇಲ್ಲವೆಂದೇ ಅರ್ಥ. ಫೆಬ್ರವರಿ 11, ಲೂರ್ದು ಮಾತೆಯ ಹಬ್ಬದ ದಿನ, 1993ರಿಂದ ವಿಶ್ವ ರೋಗಿಗಳ ದಿನವೂ ಆಗಿದೆ. ಅಂದು ಗುಂಪಾಗಿ ಆಸ್ಪತ್ರೆಗೆ ಭೇಟಿ ಕೊಡುವವರು ಯೋಬನ ಮೂವರು ಸ್ನೇಹಿತರನ್ನು ನೆನೆಯುವುದು ಒಳ್ಳೆಯದು. ಏಳು ದಿನ ಮಾತಿಲ್ಲದೆ ಅವನ ಪಕ್ಕದಲ್ಲಿ ಕೂತಿದ್ದಾಗ ಅವರಷ್ಟು ಒಳ್ಳೆಯ ಸ್ನೇಹಿತರು ಇರಲಿಲ್ಲ. ಬಾಯಿ ತೆರೆದ ಮೇಲೆ ಕೆಟ್ಟಿತು.

ವಾರ್ಡಿಗೆ ಗುರುಗಳು ಪರಮಪ್ರಸಾದ ತಂದಾಗ, ಅಭ್ಯಂಗಕ್ಕೆ ಮುನ್ನ ರೋಗಿ ಪಾಪನಿವೇದನೆ ಮಾಡಬಯಸಿದರೆ, ಪಕ್ಕದ ಹಾಸಿಗೆಯ ಕಡೆಯವರು ಐದು ನಿಮಿಷ ಹೊರಗೆ ಹೋಗಿ ನಿಲ್ಲಿ. ಎದ್ದು ಹೋಗಲಾರದ ರೋಗಿ ನೀವಾಗಿದ್ದರೆ ರೇಡಿಯೋ ಹಾಕಿ, ಅಥವಾ ಗಟ್ಟಿಯಾಗಿ ಜಪಸರ ಹೇಳಿ. ದನಿ ತಗ್ಗಿಸಲಾರದ ಕಿವುಡು ಅಜ್ಜಂದಿರಿದ್ದರೆ, ಗುರುಗಳು ಕೇಳಿದ್ದಕ್ಕೆ ತಲೆಯಾಡಿಸಿ ಉತ್ತರಿಸಿದರೂ ಸಾಕು.

ಬಾಯಿ ಬಿಡಬೇಕಾದ ಹೊತ್ತು

ಎಲ್ಲವನ್ನೂ ನುಂಗಿಕೊಂಡು ಕೂರುವುದೂ ಸರಿಯಲ್ಲ. ಒಬ್ಬರು ಮಾತ್ರೆಗಳನ್ನು ದಿಂಬಿನಡಿ ಬಚ್ಚಿಡುತ್ತಿದ್ದೇನೆಂದು ಹೆಂಡತಿಗೆ ಪಿಸುಗುಟ್ಟಿದ್ದು ನಿಮಗೆ ಕೇಳಿಸುತ್ತದೆ. ಮನೆಗೆ ಹೋದರೆ ಮಗ ಹೊಡೆಯುತ್ತಾನೆಂದು ಒಬ್ಬ ವೃದ್ಧೆ ಅಳುತ್ತಾರೆ. ನಮ್ಮ ಹಾಲಿನಲ್ಲಿ ನಾನೇ ಕೇಳಿದ ಮಾತು ಇದು: "ಇನ್ನು ಸಾಕಾಯಿತು, ಮುಂದಿನ ವಾರದಿಂದ ಬರುವುದಿಲ್ಲ." ಮೂತ್ರಪಿಂಡ ಪೂರ್ತಿ ನಿಂತವರು ಡಯಾಲಿಸಿಸ್ ಬಿಟ್ಟರೆ ಉಳಿಯುವುದು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಆ ಮಾತಿನ ಹಿಂದೆ ಬಸ್ಸಿನ ಖರ್ಚಿನ ಚಿಂತೆ ಇರಬಹುದು, ಮಕ್ಕಳಿಗೆ ಭಾರವಾದೆನೆಂಬ ನೋವಿರಬಹುದು.

ಇಂಥಲ್ಲಿ ಮೊದಲು ಅವರನ್ನೇ ಮಾತಾಡಿಸಿ. "ಅಣ್ಣಾ, ನೀವು ಹೇಳಿದ್ದು ನನ್ನ ಕಿವಿಗೆ ಬಿತ್ತು, ಏನಾಯಿತು?" ಎಂದು ಕೇಳಿ. ಬಳಿಕ ಅಲ್ಲಿಯ ಸಿಸ್ಟರಿಗೋ ವೈದ್ಯರಿಗೋ ತಿಳಿಸಿ. ಅಷ್ಟೇ, ಅವರ ಹೊರತು ಬೇರಾರಿಗೂ ಬೇಡ. ಸಹಾಯ ಮಾಡಬಲ್ಲವರಿಗೆ ಹೇಳುವುದು ಬೇರೆ, ಬರಿದೇ ಕೇಳಬಲ್ಲವರಿಗೆ ಹೇಳುವುದು ಬೇರೆ. ಬದುಕು ಬೇಡವೆನಿಸಿದವರು ಕರೆಮಾಡಲು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ ಇದೆ, ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು.

"ಆ ಹುಡುಗನಿಗೆ ಎಚ್‌ಐವಿ ಇದೆಯೆಂದು ಆಸ್ಪತ್ರೆಯಲ್ಲಿ ಕೇಳಿಸಿತು, ಅವನ ಮದುವೆ ನಮ್ಮ ನೆಂಟರ ಹುಡುಗಿಯೊಂದಿಗೆ ಗೊತ್ತಾಗಿದೆ, ಏನು ಮಾಡಲಿ?" ಎಂದು ಯಾರಾದರೂ ಕೇಳಿಯಾರು. ಇದು ಸುಲಭದ ಪ್ರಶ್ನೆಯಲ್ಲ. ಆಸ್ಪತ್ರೆಯೊಂದರಿಂದ ಸುದ್ದಿ ಹೊರಬಿದ್ದು ಮದುವೆ ಮುರಿದುಬಿದ್ದ ಪ್ರಕರಣವೊಂದು 1998ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಖಾಸಗಿತನದ ಹಕ್ಕು ದೊಡ್ಡದೇ, ಆದರೆ ಮದುವೆಯಾಗಲಿರುವ ಹೆಣ್ಣಿನ ಆರೋಗ್ಯದ ಹಕ್ಕಿನೆದುರು ಅದು ನಿಲ್ಲದು ಎಂದು ನ್ಯಾಯಾಲಯ ಹೇಳಿತು. ಆಮೇಲೆ 2017ರಲ್ಲಿ ಬಂದ ಎಚ್‌ಐವಿ ಕಾಯಿದೆ ಸಂಗಾತಿಗೆ ತಿಳಿಸುವ ಕೆಲಸವನ್ನು ವೈದ್ಯರಿಗೆ ಅಥವಾ ಸಮಾಲೋಚಕರಿಗೆ ಒಪ್ಪಿಸಿದೆ, ಅದೂ ನಿಬಂಧನೆಗಳೊಂದಿಗೆ. ನಿಮ್ಮ ಕಿವಿ ಸರಿಯಾಗಿ ಕೇಳಿಸಿಕೊಂಡಿತೋ ಇಲ್ಲವೋ ಯಾರು ಬಲ್ಲರು? ಆದುದರಿಂದ ನೆಂಟರ ಮನೆಗೆ ಫೋನು ಮಾಡುವ ಮುನ್ನ ಆ ವೈದ್ಯರ ಬಾಗಿಲು ತಟ್ಟಿ. ಇನ್ನು, ಯಾರೊಬ್ಬರ ಗುಟ್ಟನ್ನೂ ಕೆದಕದೆ, ಮದುವೆಗೆ ಮುನ್ನ ಇಬ್ಬರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ಎರಡೂ ಮನೆಯವರಿಗೆ ಹೇಳಲು ಯಾವ ಅಡ್ಡಿಯೂ ಇಲ್ಲ.

ವೈದ್ಯರ ಮೇಲಿನ ಹೊಣೆಯನ್ನೂ ಒಂದು ಮಾತಿನಲ್ಲಿ ಹೇಳಿಬಿಡಬೇಕು. ರೋಗಿಯ ಗುಟ್ಟು ಕಾಯಬೇಕೆಂದು ಹಿಪ್ಪೊಕ್ರೆಟಿಸನ ಹೆಸರಿನ ಪ್ರಾಚೀನ ಪ್ರತಿಜ್ಞೆಯೇ ಹೇಳುತ್ತದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳೂ ಹೇಳಿದವು. 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೂ ಮಾತು ಸೋರುತ್ತದೆ. ಅಮೆರಿಕದ 5 ಆಸ್ಪತ್ರೆಗಳ ಲಿಫ್ಟುಗಳಲ್ಲಿ ಸುಮ್ಮನೆ ಓಡಾಡಿ ಸಿಬ್ಬಂದಿಯ ಮಾತಿಗೆ ಕಿವಿಗೊಟ್ಟ ಸಂಶೋಧಕರು 1995ರಲ್ಲಿ ಒಂದು ವರದಿ ಪ್ರಕಟಿಸಿದರು. 259 ಸಲದ ಓಡಾಟದಲ್ಲಿ 36 ಸಲ ಆಡಬಾರದ ಮಾತು ಅವರ ಕಿವಿಗೆ ಬಿದ್ದಿತ್ತು. ನಿಮ್ಮ ಮನೆಯವರ ವಿಷಯವನ್ನು ವೈದ್ಯರು ಕಾರಿಡಾರಿನಲ್ಲೇ ಹೇಳತೊಡಗಿದರೆ, "ಡಾಕ್ಟ್ರೇ, ಒಳಗೆ ಕೂತು ಮಾತಾಡೋಣವೇ?" ಎಂದು ವಿನಯದಿಂದ ಕೇಳುವುದು ಉದ್ಧಟತನವಲ್ಲ. ಬಹಳಷ್ಟು ವೈದ್ಯರು ಕೂಡಲೇ ಒಪ್ಪುತ್ತಾರೆ. ಅವರಿಗೆ ಹೊಳೆದಿರುವುದಿಲ್ಲ, ಅಷ್ಟೇ.

ಭಾಷೆಯ ಬಗ್ಗೆಯೂ ಒಂದು ಮಾತು. ನಮ್ಮ ರಾಜ್ಯದಲ್ಲಿ ಪಕ್ಕದವರಿಗೆ ತಿಳಿಯಬಾರದೆಂದು ಜನ ಕೊಂಕಣಿಗೋ ತುಳುವಿಗೋ ತಮಿಳಿಗೋ ಉರ್ದುವಿಗೋ ಜಾರುತ್ತಾರೆ. ನನ್ನ ಪಕ್ಕಕ್ಕೆ ಹೊಸದಾಗಿ ಬಂದ ದಂಪತಿಗಳು ಹಾಗೆಯೇ ಕೊಂಕಣಿಗೆ ಇಳಿದರು. ಮನೆ ಅಡವಿಟ್ಟ ಮಾತು ಶುರುವಾಗುವುದರಲ್ಲಿತ್ತು. ನನ್ನ ತಾಯಿಯ ಕಡೆಯವರು ಕೊಂಕಣಿ ಮಾತಾಡುವವರು. ಕಂಡಕ್ಟರರ ಜಗಲಿಯಲ್ಲಿ ಕೂತು ಬಂದ ಮೇಲೆ ನನಗೆ ಅಷ್ಟಾದರೂ ಬುದ್ಧಿ ಬಂದಿತ್ತು. ನಡುವೆಯೇ ಕೊಂಕಣಿಯಲ್ಲಿ, ಯಾವ ಊರಿನವರೆಂದು ವಿಚಾರಿಸಿದೆ. ಇಬ್ಬರೂ ಬೆಚ್ಚಿ ನನ್ನತ್ತ ನೋಡಿದರು, ಆಮೇಲೆ ನಕ್ಕರು. ಅಡವಿನ ಮಾತು ಅಲ್ಲಿಗೇ ನಿಂತಿತು.

ಕಳೆದ ತಿಂಗಳು ನಮ್ಮ ಸರದಿಗೆ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗನೊಬ್ಬ ಬಂದ. ಮೊದಲ ದಿನ. ಜೊತೆಗೆ ತಾಯಿ. ಹೊಸಬರು ಬಂದರೆ ಸಿಸ್ಟರ್ ಹಲಗೆ ಹಿಡಿದು ಎಲ್ಲವನ್ನೂ ಕೇಳಿ ಬರೆದುಕೊಳ್ಳಬೇಕು, ಮೂತ್ರದಿಂದ ಹಿಡಿದು ಮದುವೆಯವರೆಗೆ. ಆ ಹುಡುಗ ಸುತ್ತಲೂ ಕಣ್ಣಾಡಿಸಿ ಬಾಯಿ ಕಟ್ಟಿದಂತೆ ಕೂತ. ನಾನು ಪಕ್ಕದ ಗೌಡರತ್ತ ತಿರುಗಿ, ಸ್ವಲ್ಪ ಗಟ್ಟಿಯಾಗಿಯೇ, "ಗೌಡ್ರೇ, ಈ ಸಲ ಅಡಿಕೆ ಧಾರಣೆ ಹೇಗಿದೆ?" ಎಂದು ಕೇಳಿದೆ. ಗೌಡರಿಗೆ ಅಡಿಕೆಯ ಮಾತೆಂದರೆ ಕೇಳಬೇಕೇ? ಎದುರಿನ ಅಜ್ಜ ಕೊಳೆರೋಗಕ್ಕೆ ಬಂದರು. ಅತ್ತಲಿನವರು ಮಳೆ ಹೆಚ್ಚಾಯಿತು ಎಂದರು, ಇನ್ನೊಬ್ಬರು ಇಲ್ಲ, ಔಷಧಿ ಹೊಡೆದದ್ದೇ ತಡ ಎಂದು ಜಗಳಕ್ಕೆ ನಿಂತರು. ಹತ್ತು ನಿಮಿಷ ಹಾಲಿನಲ್ಲಿ ಸಂತೆಯ ಗದ್ದಲ. "ಸ್ವಲ್ಪ ಮೆಲ್ಲಗೆ ಮಾತಾಡಿ ಅಜ್ಜ!" ಎಂದು ಸಿಸ್ಟರ್ ಒಮ್ಮೆ ಗದರಿದರು. ಯಾರೂ ಕೇಳಲಿಲ್ಲ. ಅವರೂ ಮತ್ತೆ ಗದರಲಿಲ್ಲ. ಹುಡುಗನ ಕಿವಿಯ ಬಳಿ ಬಾಗಿ ಏನೇನೋ ಬರೆದುಕೊಳ್ಳುತ್ತಿದ್ದರು.